ಕೊನ್ನಾರಿ ಕಿತ್ತಷ್ಟೂ ಹೆಚ್ಚುವುದೇಕೆ?

ಹೂವಿನ ಪಾತಿಯಲ್ಲಿ ಕೊನ್ನಾರಿ ಕಂಡರೆ ಹಿಡಿದು ಎಳೆಯುತ್ತೇವೆ. ಎಲೆಯ ಜೊತೆ ಒಂದಿಷ್ಟು ಬೇರೂ ಬರುತ್ತದೆ. ಬುಡಸಮೇತ ಕಿತ್ತೆವು, ಇನ್ನು ಹುಟ್ಟದು ಎಂಬುದು ನಂಬಿಕೆ. ಕೆಲವೇ ದಿನಗಳಲ್ಲಿ ಅಲ್ಲೇ ಹಸಿರು ಮೊನೆ ಏಳುತ್ತದೆ.

ಜೇಕು, ತುಂಗೆ ಎಂದೂ ಕರೆಯುವ ಇದು ನೋಡಲು ಹುಲ್ಲಿನಂತಿದ್ದರೂ ಹುಲ್ಲಿನ ಜಾತಿಯದಲ್ಲ. ಹೂವಿನ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ, ಮೂರು ಏಣು ಸಿಗುತ್ತವೆ. ಹೂ ಬಿಡುವ ಮುಂಚೆ ಕಿತ್ತರೆ ಹರಡುವುದಿಲ್ಲ ಎನ್ನುವವರೂ ಇದ್ದಾರೆ. ಆದರೆ ಇದರ ಬೀಜ ಮೊಳೆಯುವುದೇ ಅಪರೂಪ. ಸಂತಾನವೆಲ್ಲ ನೆಲದೊಳಗಿನ ಗಡ್ಡೆಗಳಿಂದ.

ಆ ಗಡ್ಡೆಗಳು ತಂತಿಯಂಥ ಬೇರುಕಾಂಡದಲ್ಲಿ ಸರದ ಮಣಿಗಳ ಹಾಗೆ ಕೂಡಿಕೊಂಡಿರುತ್ತವೆ. ಸರ ಹರಿಯದಿರುವ ತನಕ ತುದಿಯ ಗಡ್ಡೆ ಉಳಿದವುಗಳ ಮೊಳಕೆಯನ್ನು ತಡೆದಿಡುತ್ತದೆ. ನಾವು ಎಳೆದಾಗ, ಗುದ್ದಲಿ ಹಾಕಿದಾಗ ಸರ ತುಂಡಾಗುತ್ತದೆ. ಅಷ್ಟು ದಿನ ಸುಮ್ಮನಿದ್ದ ಗಡ್ಡೆಗಳೆಲ್ಲ ಬೇರೆ ಬೇರೆಯಾಗಿ ಚಿಗುರುತ್ತವೆ. ಹಾಗಾಗಿ ಹಸಿ ಮಣ್ಣನ್ನು ಅಗೆದು ತಿರುವುವುದೆಂದರೆ ಕೊನ್ನಾರಿಯನ್ನು ನಾವೇ ನೆಟ್ಟ ಹಾಗೆ. ಬೇಸಿಗೆಯ ಮಾತು ಬೇರೆ. ನೀರು ಬಿಡದೆ ಅಗೆದು, ಗಡ್ಡೆಗಳನ್ನು ಬಿಸಿಲಿಗೆ ಹರಡಿ ಪೂರ್ತಿ ಒಣಗಲು ಬಿಟ್ಟರೆ ಅವು ಸಾಯುತ್ತವೆ.

ಉಪ್ಪು ಸುರಿಯುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಗಡ್ಡೆಗಿಂತ ಮೊದಲು ನಿಮ್ಮ ಮಣ್ಣೇ ಕೆಡುತ್ತದೆ. ಪ್ಲಾಸ್ಟಿಕ್ ಹೊದಿಕೆಯೂ ಖಾತ್ರಿಯಲ್ಲ, ಮೊಳಕೆಯ ಚೂಪು ಮೊನೆ ತೆಳು ಹಾಳೆಯನ್ನು ಚುಚ್ಚಿಕೊಂಡೇ ಮೇಲೆ ಬರುತ್ತದೆ. ಕಳೆನಾಶಕ ಗ್ಲೈಫೋಸೇಟನ್ನು ಒಮ್ಮೆ ಸಿಂಪಡಿಸಿದರೆ ಮುಗಿಯಿತು ಎಂಬುದೂ ಪೂರ್ತಿ ನಿಜವಲ್ಲ. ಎಲೆಯಿಂದ ಇಳಿದ ವಿಷ ಸುಪ್ತವಾಗಿರುವ ಗಡ್ಡೆಗಳನ್ನು ಸರಿಯಾಗಿ ಮುಟ್ಟುವುದಿಲ್ಲ, ಪಕ್ಕದ ಗುಲಾಬಿಗೆ ತಗುಲಿದರೆ ಅದಕ್ಕೂ ಕುತ್ತು.

ಕೊನ್ನಾರಿಯನ್ನು ಉಪವಾಸ ಕೆಡವಿಯೇ ಸೋಲಿಸಬೇಕು. ಪ್ರತಿ ಚಿಗುರಿಗೂ ಗಡ್ಡೆ ಕೂಡಿಟ್ಟ ಆಹಾರ ಖರ್ಚಾಗುತ್ತದೆ. ಚಿಗುರು ಎದ್ದ ಮೂರು ನಾಲ್ಕು ವಾರಕ್ಕೆ ಹೊಸ ಗಡ್ಡೆ ಕಟ್ಟಲು ಶುರುವಾಗುವುದರಿಂದ, ಎರಡು ವಾರಕ್ಕೊಮ್ಮೆ ತಪ್ಪದೆ ತೆಗೆಯುತ್ತಿರಬೇಕು. ಒಂದು ಮಳೆಗಾಲಕ್ಕೆ ಮುಗಿಯುವ ಕೆಲಸವಲ್ಲ. ಕೊನ್ನಾರಿಗೆ ನೆರಳು ಸಹ ಆಗದು. ಖಾಲಿ ಜಾಗದಲ್ಲಿ ಅಲಸಂದೆಯನ್ನು ಒತ್ತಾಗಿ ಬೆಳೆಸಿದರೆ ಅರ್ಧ ಕೆಲಸ ಅದೇ ಮಾಡುತ್ತದೆ.

ಕಿತ್ತ ಹಸಿ ಗಡ್ಡೆಗಳನ್ನು ಮಾತ್ರ ಗೊಬ್ಬರದ ಗುಂಡಿಗೆ ಹಾಕಬೇಡಿ. ನರ್ಸರಿಯಿಂದ ತಂದ ಕುಂಡದ ಮಣ್ಣನ್ನೂ ಕೈಯಲ್ಲಿ ಪುಡಿಮಾಡಿ ನೋಡಿ. ಕಪ್ಪು ಗಡ್ಡೆಯೊಂದು ಸಿಕ್ಕರೆ ಅಲ್ಲೇ ಆರಿಸಿ ತೆಗೆಯಿರಿ.