‘ಏನೂ ಇಲ್ಲ’ದ ಮೇಲೆ ಎದ್ದ ಜಗಳ

1929ರ ವಸಂತದಲ್ಲಿ ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ಜರ್ಮನ್ ತತ್ವಜ್ಞಾನಿಗಳಾದ ಹೈಡೆಗರ್ ಮತ್ತು ಕಾಸಿರರ್ ಕಾಂಟ್‌ನ ಕುರಿತು ವಾದಕ್ಕಿಳಿದಾಗ ಕೇಳುಗರಲ್ಲಿ ರುಡಾಲ್ಫ್ ಕಾರ್ನಾಪ್ ಕೂಡ ಇದ್ದರು. ಯೇನಾದಲ್ಲಿ ತರ್ಕಶಾಸ್ತ್ರಜ್ಞ ಫ್ರೇಗೆಯ ಪಾಠ ಕೇಳಿದವರು, ತರ್ಕವನ್ನೇ ನೆಚ್ಚಿದ ತತ್ವಜ್ಞಾನಿಗಳ ವಿಯೆನ್ನಾ ಬಳಗದವರು. ಅಲ್ಲಿ ಹೈಡೆಗರ್ ಜೊತೆ ಮಾತಾಡಿದರು. ಆಮೇಲೆ ಹೈಡೆಗರ್‌ರ ‘ಬೀಯಿಂಗ್ ಆಂಡ್ ಟೈಮ್’ ಹಿಡಿದು ಶ್ರದ್ಧೆಯಿಂದ ಓದಿದರು. ತರ್ಕದ ವಿಶ್ಲೇಷಣಾ ಪಂಥ, ಅರ್ಥ ಬಿಡಿಸುವ ಹರ್ಮೆನ್ಯೂಟಿಕ್ಸ್ ಎಂದು ಭಾಷಾತತ್ವವನ್ನು ಎರಡು ಪಾಲು ಮಾಡಿ ಕಲಿಸುವವರು ಈ ಓದನ್ನು ಸಲೀಸಾಗಿ ಮರೆಯುತ್ತಾರೆ. ನನಗೆ ರೇಗುವುದು ಅದಕ್ಕೇ.

ಅದೇ ವರ್ಷದ ಜುಲೈನಲ್ಲಿ ಫ್ರೈಬುರ್ಗ್‌ನಲ್ಲಿ ಹೈಡೆಗರ್ ಪ್ರಾಧ್ಯಾಪಕರಾಗಿ ಮೊದಲ ಸಾರ್ವಜನಿಕ ಉಪನ್ಯಾಸ ಕೊಟ್ಟರು. ‘ಏನೂ ಇಲ್ಲ’ ಎಂಬುದಕ್ಕೆ ನಾಮಪದದ ಪಟ್ಟ ಕಟ್ಟಿ, ಅದರಿಂದಲೇ ಒಂದು ಕ್ರಿಯಾಪದವನ್ನೂ ಹುಟ್ಟಿಸಿ, ‘ಏನೂ ಇಲ್ಲ’ವೇ ಆ ಕ್ರಿಯೆ ಮಾಡುತ್ತದೆ ಎಂದು ವಾಕ್ಯ ಕಟ್ಟಿದರು.

ಕಾರ್ನಾಪ್ ಉತ್ತರ 1932ರಲ್ಲಿ ‘ಎರ್ಕೆಂಟ್ನಿಸ್’ ಪತ್ರಿಕೆಯಲ್ಲಿ ಬಂತು. ಅದರಲ್ಲೊಂದು ಕೋಷ್ಟಕ, ಮೂರು ಕಾಲಂ. ಮೊದಲನೆಯದರಲ್ಲಿ ಹೊರಗೇನಿದೆ ಎಂದರೆ ಮಳೆ. ಆ ಮಳೆಯ ಸಮಾಚಾರವೇನು ಎಂದರೆ, ಸುರಿಯುತ್ತಿದೆ. ಎರಡನೆಯದರಲ್ಲಿ ಮಳೆಯ ಜಾಗಕ್ಕೆ ‘ಏನೂ ಇಲ್ಲ’ ಬಂದು ಕೂರುತ್ತದೆ. ಅದೇ ಧಾಟಿಯಲ್ಲಿ ಅದರ ಸಮಾಚಾರವನ್ನೂ ಕೇಳುತ್ತ ಹೋದರೆ ಹೈಡೆಗರ್ ವಾಕ್ಯಕ್ಕೇ ಬಂದು ಮುಟ್ಟುತ್ತೇವೆ. ಮೂರನೆಯದು ತರ್ಕದ ಸಂಕೇತಗಳದ್ದು. ಹೊರಗಿರುವಂಥದ್ದು ಯಾವುದೂ ಇಲ್ಲ ಎಂದಷ್ಟೇ ಅಲ್ಲಿ ಬರೆಯಲು ಸಾಧ್ಯ. ಮುಂದಿನ ಪ್ರಶ್ನೆಯನ್ನು ಕಟ್ಟುವುದಕ್ಕೇ ಬರುವುದಿಲ್ಲ.

ಕೋಷ್ಟಕವೇನೋ ಚೊಕ್ಕವಾಗಿದೆ. ಆದರೆ ತಮ್ಮ ಪ್ರಶ್ನೆಯನ್ನು ತರ್ಕ ಒಪ್ಪುವುದಿಲ್ಲವೆಂದು ಹೈಡೆಗರ್ ಉಪನ್ಯಾಸದಲ್ಲೇ ಹೇಳಿದ್ದರು, ಅದನ್ನು ಕಾರ್ನಾಪ್ ಬಚ್ಚಿಡಲೂ ಇಲ್ಲ. ಹಾಗಾದರೆ ಕೊನೆಯ ಮಾತು ತರ್ಕದ್ದೋ, ತರ್ಕಕ್ಕೂ ಮೊದಲಿನ ಅನುಭವದ್ದೋ? ಜಗಳ ಇದ್ದದ್ದು ಇಲ್ಲಿ. ನೆನಪಿನಲ್ಲಿ ಉಳಿದದ್ದು ಮಾತ್ರ ಲೇಖನದ ಕೊನೆಯ ಕುಹಕ: ಮೆಟಾಫಿಸಿಕ್ಸ್‌ನವರು ಸಂಗೀತ ಬಾರದ ಸಂಗೀತಗಾರರು.

ಮುಂದೆ ರಾಜಕೀಯ ನುಗ್ಗಿತು. 1933ರಲ್ಲಿ ಹೈಡೆಗರ್ ನಾತ್ಸಿ ಪಕ್ಷ ಸೇರಿದರು. ಕಾರ್ನಾಪ್ ಅಮೆರಿಕಕ್ಕೆ ಹೋಗಿ ಇಂಗ್ಲಿಷಿನಲ್ಲಿ ಬರೆಯತೊಡಗಿದರು. 1960ರಲ್ಲಿ ಹೈಡೆಗರ್ ಶಿಷ್ಯ ಗಾಡಮರ್, ಅರ್ಥ ಹುಟ್ಟುವುದು ಪಠ್ಯ ಮತ್ತು ಓದುಗನ ಸಂವಾದದಲ್ಲಿ ಎಂದು ದೊಡ್ಡ ಗ್ರಂಥ ಬರೆಯುವ ಹೊತ್ತಿಗೆ ಎರಡೂ ಕಡೆಯವರ ಓದಿನ ಪಟ್ಟಿಗಳೇ ಬೇರೆಯಾಗಿದ್ದವು.

ಇನ್ನೊಂದು ಸಂಗತಿ. 1929ರ ಡಿಸೆಂಬರ್‌ನಲ್ಲಿ ವಿಯೆನ್ನಾದಲ್ಲಿ, ಅದೇ ಬಳಗದ ಶ್ಲಿಕ್ ಮನೆಯಲ್ಲಿ, ಹೈಡೆಗರ್ ಹೇಳುವ ‘ಇರವು’, ‘ದಿಗಿಲು’ ತಮಗೆ ಅರ್ಥವಾಗುತ್ತವೆ ಎಂದವರು ತತ್ವಜ್ಞಾನಿ ವಿಟ್ಗೆನ್‌ಸ್ಟೈನ್. ಬಳಗದ ವೈಸ್ಮನ್ ಅದನ್ನು ಬರೆದಿಟ್ಟುಕೊಂಡರು. 1965ರಲ್ಲಿ ಅಮೆರಿಕದ ತತ್ವಶಾಸ್ತ್ರ ಪತ್ರಿಕೆಯೊಂದರಲ್ಲಿ ಆ ಟಿಪ್ಪಣಿ ಅಚ್ಚಾದಾಗ ಹೈಡೆಗರ್ ಹೆಸರಿದ್ದ ತಲೆಬರಹವೂ ಇರಲಿಲ್ಲ, ಮೊದಲ ವಾಕ್ಯವೂ ಇರಲಿಲ್ಲ.