ಗೆದ್ದವರು ಯಾರು, ಹೋದವರು ಯಾರು

ನಮ್ಮ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದುದನ್ನು ಹಳಬರು ಬಲ್ಲರು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸಿಪಾಯಿಗಳು ಇಲ್ಲಿಯ ಬಂಡೆಗಳ ಮಗ್ಗುಲಲ್ಲಿ ಬೀಡುಬಿಟ್ಟಿದ್ದರು. ಅವರು ಹೋದರು, ಬಂಡೆಗಳು ಉಳಿದವು, ಹೆಸರೂ ಬಹುಕಾಲ ಉಳಿಯಿತು. ಕುಂತಿಬೆಟ್ಟವನ್ನು ನಿತ್ಯವೂ ನೋಡುತ್ತ ಬೆಳೆದವನಿಗೆ ಕಲ್ಲೆಂಬುದು ಹೊಸ ವಸ್ತುವಲ್ಲ. ಊರ ಹಬ್ಬದಲ್ಲಿ ಗುಂಡುಕಲ್ಲನ್ನು ಎದೆಯ ಮಟ್ಟಕ್ಕೆ ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಕೆಡಹುವ ಜಟ್ಟಿಗಳನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಕಲ್ಲನ್ನು ಎತ್ತದೆ, ಎಸೆಯದೆ, ಮಂಜುಗಡ್ಡೆಯ ಮೇಲೆ ಮೆಲ್ಲನೆ ಜಾರಬಿಟ್ಟು, ಅದರ ಮುಂದೆ ಪೊರಕೆ ಹಿಡಿದು ಗುಡಿಸುತ್ತ ಓಡುವ ಆಟವೊಂದನ್ನು ನಾನು ನೋಡಿದ್ದು ಎಪ್ಪತ್ತು ದಾಟಿದ ಮೇಲೆ. 2025ರ ನವೆಂಬರಿನಲ್ಲಿ, ಕೆನಡಾದಲ್ಲಿರುವ ಮಗಳ ಮನೆಯ ಟೆಲಿವಿಷನ್ನಿನ ಮುಂದೆ ಕುಳಿತು.

ಕರ್ಲಿಂಗ್ ಎಂದು ಅದರ ಹೆಸರು. ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ಹದಿನಾರನೆಯ ಶತಮಾನದಷ್ಟು ಹಿಂದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ. ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡೆರಡು ಕಲ್ಲು. ಒಂದೊಂದು ಕಲ್ಲಿನ ತೂಕ ಇಪ್ಪತ್ತು ಕಿಲೋಗ್ರಾಮಿಗೆ ತುಸು ಕಡಿಮೆ. ಒಲಿಂಪಿಕ್ ಕೂಟದಲ್ಲಿ ಬಳಸುವ ಕಲ್ಲುಗಳು ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿರುವ ಏಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದ ಗ್ರಾನೈಟಿನಿಂದ ಕಡೆದಂಥವು. ಸುಮಾರು 45 ಮೀಟರ್ ಉದ್ದದ ಮಂಜಿನ ಅಂಕಣದ ಕೊನೆಯಲ್ಲಿ ವೃತ್ತದೊಳಗೆ ವೃತ್ತ ಬರೆದ ಗುರಿಯೊಂದಿರುತ್ತದೆ. ಅದನ್ನು ಅವರು ‘ಮನೆ’ ಎಂದೇ ಕರೆಯುತ್ತಾರೆ. ನಮ್ಮ ಚೌಕಾಬಾರದವರು ಕೇಳಿದರೆ ಸಂತೋಷಪಟ್ಟಾರು. ಯಾರ ಕಲ್ಲು ಮನೆಯ ನಡುಬಿಂದುವಿಗೆ ಹೆಚ್ಚು ಸಮೀಪವೋ ಅವರಿಗೆ ಅಂಕ. ಒಬ್ಬನು ಕಲ್ಲನ್ನು ಬಿಟ್ಟರೆ ಇಬ್ಬರು ಅದರ ಮುಂದೆ ಮಂಜನ್ನು ಭರಭರನೆ ಉಜ್ಜುತ್ತ ಸಾಗುತ್ತಾರೆ. ಉಜ್ಜಿದಾಗ ಮಂಜು ತುಸು ಬಿಸಿಯಾಗಿ ಘರ್ಷಣೆ ತಗ್ಗುತ್ತದೆ. ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರವಾಗಿ ಹೋಗುತ್ತದೆ. ಬೇರೊಬ್ಬನು ಬಿಟ್ಟ ಕಲ್ಲಿಗಾಗಿ ಬೆವರು ಸುರಿಸುವ ಈ ಗುಡಿಸುವವರ ಮೇಲೆಯೇ ನನ್ನ ಕಣ್ಣು ಮೊದಲು ನಿಂತಿತು. ಅದೇಕೆಂಬುದನ್ನು ಮುಂದೆ ಹೇಳುತ್ತೇನೆ.

1924ರಲ್ಲಿ ಫ್ರಾನ್ಸಿನ ಶಮೊನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ ಕೂಟದಲ್ಲಿಯೇ ಈ ಆಟವಿತ್ತು. ಅನಂತರ ಬಹುಕಾಲ ಪದಕದ ಪಟ್ಟಿಯಿಂದ ಹೊರಗುಳಿದು, 1998ರಲ್ಲಿ ಜಪಾನಿನ ನಾಗಾನೋದಲ್ಲಿ ಮರಳಿ ಸೇರಿತು. ಈ ಕೂಟದ ಬಾಗಿಲು ಬಲು ಕಿರಿದು. 2026ರ ಫೆಬ್ರವರಿಗೆ ಗೊತ್ತಾಗಿದ್ದ ಇಟಲಿಯ ಮಿಲಾನೊ–ಕೊರ್ಟೀನಾ ಕೂಟಕ್ಕೆ ಪುರುಷರ ವಿಭಾಗದಲ್ಲಿ ಹತ್ತೇ ರಾಷ್ಟ್ರಗಳಿಗೆ ಅವಕಾಶ; ಮಹಿಳೆಯರ ವಿಭಾಗದಲ್ಲಿಯೂ ಹತ್ತೇ. ಈ ಹತ್ತು ಸ್ಥಾನ ತುಂಬಿದ ಬಗೆಯನ್ನು ಅಳಿಯ ನನಗೆ ವಿವರಿಸಿದ. ಅತಿಥೇಯ ರಾಷ್ಟ್ರವಾದ್ದರಿಂದ ಇಟಲಿಗೆ ಒಂದು ಸ್ಥಾನ ಮೀಸಲು. 2024 ಮತ್ತು 2025ರ ವಿಶ್ವ ಚಾಂಪಿಯನ್‌ಷಿಪ್‌ಗಳೆರಡರಲ್ಲಿಯೂ ಗಳಿಸಿದ ಅಂಕಗಳನ್ನು ಕೂಡಿ, ಮುಂದಿರುವ ಏಳು ರಾಷ್ಟ್ರಗಳಿಗೆ ಏಳು ಸ್ಥಾನ. ಉಳಿದ ಎರಡಕ್ಕೆ ಕಡೆಯ ಅರ್ಹತಾ ಪಂದ್ಯಾವಳಿ. ಅದು 2025ರ ಡಿಸೆಂಬರಿನಲ್ಲಿ ಕೆನಡಾದ ಕೆಲೋನಾ ನಗರದಲ್ಲಿ ನಡೆಯಿತು. ಪುರುಷರಲ್ಲಿ ಅಮೆರಿಕ ಮತ್ತು ಚೀನ, ಮಹಿಳೆಯರಲ್ಲಿ ಅಮೆರಿಕ ಮತ್ತು ಜಪಾನ್ ಆ ಕಡೆಯ ಬಾಗಿಲಿನಿಂದ ಒಳಹೊಕ್ಕವು.

ವಿಶ್ವ ಚಾಂಪಿಯನ್‌ಷಿಪ್ಪನ್ನು ಸೇರುವುದೂ ಸುಲಭವಲ್ಲ. ಆ ಎರಡು ವರ್ಷಗಳಲ್ಲಿ ಅಲ್ಲಿ ಆಡಿದ್ದು ಹದಿಮೂರು ಹದಿಮೂರು ತಂಡಗಳು. ಎಂಟು ಯೂರೋಪಿನವು, ಐದು ಉಳಿದ ಖಂಡಗಳವು. ಅಂದರೆ ಮೊದಲು ಖಂಡದ ಮಟ್ಟ, ಬಳಿಕ ವಿಶ್ವದ ಮಟ್ಟ, ಅದೂ ಒಂದು ವರ್ಷವಲ್ಲ, ಎರಡು ವರ್ಷ. ಇದನ್ನು ಕೇಳಿದಾಗ ನನಗೆ ನಗು ಬಂದಿತು. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ನಮ್ಮ ಶಾಲಾ ಕ್ರೀಡಾಕೂಟಗಳು ಹತ್ತುವ ಮೆಟ್ಟಿಲೇ ಇದು. ಮೆಟ್ಟಿಲಿನ ಅಳತೆ ಮಾತ್ರ ದೊಡ್ಡದು.

ಬಿಸಿಲುನಾಡಿನವರಿಗೆ ಈ ಮೆಟ್ಟಿಲು ನಿಷಿದ್ಧವೇನೂ ಅಲ್ಲ. 2025ರ ಫೆಬ್ರವರಿಯಲ್ಲಿ ಚೀನದ ಹಾರ್ಬಿನ್ನಿನಲ್ಲಿ ನಡೆದ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ, ಹಿಮವೇ ಬೀಳದ ಫಿಲಿಪೀನ್ಸ್ ದೇಶದ ಪುರುಷರ ತಂಡ ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯಾವನ್ನು ಸೋಲಿಸಿ ಚಿನ್ನ ಗೆದ್ದಿತು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕಾಫಿಯ ನಾಡಿನಿಂದ ಹೋಗಿ, ಹಿಮದ ಮೇಲೆ ಸ್ಕೀ ಕಟ್ಟಿ ಓಡುವುದನ್ನು ಕಲಿತು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಭಾರತದ ಪರವಾಗಿ ನಿಂತವರು. ಆದರೆ ಸ್ಕೀ ಓಟದಲ್ಲಿ ಓಡಿದವರ ಅಂಕ ಅವರ ಹೆಸರಿನಲ್ಲಿಯೇ ಬರೆಯಲ್ಪಡುತ್ತದೆ. ಕರ್ಲಿಂಗ್ ತಂಡದ ಲೆಕ್ಕವೇ ಬೇರೆ. ಅದನ್ನು ನನಗೆ ತಿಳಿಸಿದ್ದು ಹತ್ತು ವರ್ಷದ ಮೊಮ್ಮಗ.

ನಾವು ಅಂದು ನೋಡುತ್ತಿದ್ದುದು ಹ್ಯಾಲಿಫ್ಯಾಕ್ಸ್ ನಗರದಲ್ಲಿ ನಡೆಯುತ್ತಿದ್ದ ಕೆನಡಾದ ಆಯ್ಕೆಯ ಪಂದ್ಯಗಳನ್ನು. ದೇಶಕ್ಕೆ ಒಲಿಂಪಿಕ್ ಸ್ಥಾನ ಆಗಲೇ ದಕ್ಕಿತ್ತು. ಆ ಸ್ಥಾನದಲ್ಲಿ ಯಾವ ತಂಡ ಹೋಗಬೇಕೆಂಬುದು ಇಲ್ಲಿ ತೀರ್ಮಾನವಾಗಬೇಕಾಗಿತ್ತು. ಬ್ರ್ಯಾಡ್ ಗುಶೂ ಎಂಬ ಹಿರಿಯ ಆಟಗಾರನ ಮೇಲೆ ಮೊಮ್ಮಗನಿಗೆ ಬಹಳ ಅಭಿಮಾನ. ಗುಶೂ 2006ರ ಟೂರಿನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. ಇದೇ ತನ್ನ ಕಡೆಯ ಋತು ಎಂದು ಮೊದಲೇ ಸಾರಿದ್ದವನು. 2024ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕೆನಡಾ ಎರಡನೆಯ ಸ್ಥಾನ ಪಡೆದದ್ದು ಇವನ ತಂಡದಿಂದ. 2025ರಲ್ಲಿ ಬ್ರ್ಯಾಡ್ ಜೇಕಬ್ಸ್‌ನ ತಂಡ ಹೋಗಿ ಮೂರನೆಯ ಸ್ಥಾನ ತಂದಿತು. ಇಬ್ಬರ ಗಳಿಕೆಯನ್ನೂ ಕೂಡಿದಾಗ ಕೆನಡಾದ ಸ್ಥಾನ ಭದ್ರವಾಯಿತು. ಹ್ಯಾಲಿಫ್ಯಾಕ್ಸಿನಲ್ಲಿ ಗೆದ್ದವನು ಜೇಕಬ್ಸ್. ಗುಶೂ ಮನೆಗೆ ಹೋದ.

ಮೊಮ್ಮಗ ಕೇಳಿದ: “ತಾತ, ಅರ್ಧ ಪಾಯಿಂಟು ಅವನು ತಂದದ್ದಲ್ಲವಾ? ಮತ್ತೆ ಅವನು ಯಾಕೆ ಹೋಗಲ್ಲ?”

ಅಳಿಯ ಉತ್ತರ ಹೇಳಿದ: “ಸ್ಥಾನ ಗೆದ್ದದ್ದು ದೇಶ ಕಣೋ, ಆಟಗಾರರಲ್ಲ. ಯಾರನ್ನು ಕಳಿಸಬೇಕು ಅನ್ನೋದು ದೇಶದ ಇಷ್ಟ.”

ನಿಯಮ ನಿಜವಾಗಿಯೂ ಹಾಗೆಯೇ ಇದೆ. ಗಳಿಸುವಾಗಿನ ಹೆಸರೇ ಹೋಗುವಾಗ ಬದಲಾಗುವುದೂ ಉಂಟು: 2025ರ ಪುರುಷರ ವಿಶ್ವ ಪ್ರಶಸ್ತಿ ಗೆದ್ದದ್ದು ಸ್ಕಾಟ್ಲೆಂಡ್, ಆ ಗಳಿಕೆಯಿಂದ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದದ್ದು ಗ್ರೇಟ್ ಬ್ರಿಟನ್. ಒಲಿಂಪಿಕ್ ಕೂಟದಲ್ಲಿ ಸ್ಕಾಟ್ಲೆಂಡ್ ಎಂಬ ಹೆಸರಿಗೆ ಪ್ರತ್ಯೇಕ ಸ್ಥಾನವಿಲ್ಲ. ಈ ನಿಯಮಕ್ಕೆ ನ್ಯಾಯವೂ ಉಂಟು. ಎರಡು ವರ್ಷದ ಹಿಂದೆ ಚೆನ್ನಾಗಿ ಆಡಿದವನು ಇಂದೂ ಹಾಗೆಯೇ ಆಡಬಲ್ಲನೆಂದು ಹೇಳುವವರಾರು? ಹೊಸಬರಿಗೂ ಬಾಗಿಲು ತೆರೆದಿರಬೇಡವೆ? ಅಳಿಯನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಇದೇ ಉತ್ತರವನ್ನು ನಾನು ಮೂವತ್ತೊಂಬತ್ತು ವರ್ಷಗಳ ಹಿಂದೆ ಒಬ್ಬ ಹುಡುಗನ ಬಾಯಿಂದ ಕೇಳಿದ್ದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ—ಪಾಂಡವಪುರ ಉಪವಿಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ನಾನು ಉಪಾಧ್ಯಾಯನಾಗಿ ದುಡಿದಿದ್ದೇನೆ. ಹೇಳುತ್ತಿದ್ದುದು ಕನ್ನಡ ಪಾಠವಾದರೂ, ಸಣ್ಣ ಶಾಲೆಗಳಲ್ಲಿ ಆಟದ ಮೇಷ್ಟರಿಲ್ಲದ ಕಾರಣ ಸೀಟಿಯೂ ನನ್ನ ಕೊರಳಿಗೇ ಬೀಳುತ್ತಿತ್ತು. 1986ರಲ್ಲಿ ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಆ ವರ್ಷ ನಮ್ಮ ಕಬಡ್ಡಿ ತಂಡ ಹೋಬಳಿಯನ್ನು ಗೆದ್ದು ತಾಲ್ಲೂಕಿನ ಅಂತಿಮ ಪಂದ್ಯಕ್ಕೆ ಬಂದಿತು. ಕೊನೆಯ ನಿಮಿಷದಲ್ಲಿ ಎದುರು ತಂಡದ ಎತ್ತರದ ಹುಡುಗನೊಬ್ಬ ನಮ್ಮವರಿಬ್ಬರನ್ನು ಮುಟ್ಟಿ ಹಿಂದಿರುಗುತ್ತಿದ್ದ. ಅವನು ಗೆರೆ ಮುಟ್ಟಿದ್ದರೆ ನಾವು ಸೋತಂತೆಯೇ. ನಮ್ಮ ತಂಡದ ಕುಳ್ಳನೆಯ ಹುಡುಗನೊಬ್ಬ ಹಿಂದಿನಿಂದ ಹಾರಿ ಅವನ ಕಣಕಾಲನ್ನು ಹಿಡಿದ. ಮಣ್ಣಿನಲ್ಲಿ ಮಾರುದ್ದ ಎಳೆದುಕೊಂಡು ಹೋದರೂ ಹಿಡಿ ಬಿಡಲಿಲ್ಲ. ನಾವು ಗೆದ್ದೆವು. ಮಂಡ್ಯದ ಜಿಲ್ಲಾ ಪಂದ್ಯಕ್ಕೆ ನಮಗೆ ಸ್ಥಾನ ದೊರೆತದ್ದು ಆ ಒಂದು ಹಿಡಿಯಿಂದ.

ಜಿಲ್ಲೆಗೆ ಹನ್ನೆರಡು ಹೆಸರುಗಳ ಪಟ್ಟಿ ಬರೆಯಬೇಕಾದವನು ನಾನು. ಆ ನಡುವೆ ಕೃಷ್ಣರಾಜಪೇಟೆಯ ಕಡೆಯಿಂದ ಒಬ್ಬ ದಷ್ಟಪುಷ್ಟ ಹುಡುಗ ನಮ್ಮ ಶಾಲೆಗೆ ಬಂದು ಸೇರಿದ್ದ. ಜಿಲ್ಲೆಯ ಮಟ್ಟದಲ್ಲಿ ಮೈಕಟ್ಟು ಬೇಕೆಂದು ಯೋಚಿಸಿ ನಾನು ಅವನ ಹೆಸರನ್ನು ಸೇರಿಸಿದೆ. ಕುಳ್ಳನ ಹೆಸರನ್ನು ಬಿಟ್ಟೆ. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ತೀರ್ಮಾನ ನನ್ನದೇ.

ನಾವು ಹೊರಟ ಮುಂಜಾನೆ ಅವನು ಬಸ್ಸಿನ ಬಳಿಗೆ ಬಂದ. ತಾಯಿ ತಂಡಕ್ಕೆಂದು ಕಟ್ಟಿಕೊಟ್ಟಿದ್ದ ಹುರಿದ ಕಡಲೆಕಾಯಿಯ ಗಂಟು ಕೈಯಲ್ಲಿತ್ತು. ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ, “ನಾವ್ ಗೆದ್ದಿದ್ದು ಸ್ಕೂಲ್ಗೆ ತಾನೆ ಸಾ. ಯಾರ್ ಹೋದ್ರೂ ಒಂದೇಯ, ಬುಡಿ” ಎಂದ. ಆಗ ನನಗಾದದ್ದು ನಾಚಿಕೆಯಲ್ಲ, ನಿರಾಳ. ಇಷ್ಟು ವರ್ಷ ನನ್ನನ್ನು ಚುಚ್ಚಿದ್ದು ಆ ನಿರಾಳವೇ. ಅಳಿಯನ ಬಾಯಲ್ಲಿ ನಿಯಮವಾಗಿದ್ದುದು ಆ ಹುಡುಗನ ಬಾಯಲ್ಲಿ ದಾನವಾಗಿತ್ತು. ಅದನ್ನು ನಾನು ನಿಯಮವೆಂದೇ ತಿಳಿದು ಸ್ವೀಕರಿಸಿದೆ.

ಮಂಡ್ಯದಲ್ಲಿ ಮೊದಲ ಪಂದ್ಯದಲ್ಲಿಯೇ ಸೋತೆವು. ಗೆದ್ದಿದ್ದರೂ ಮಾತು ಬೇರೆಯಾಗುತ್ತಿರಲಿಲ್ಲ. ಹೋದ ಹನ್ನೆರಡು ಮಂದಿಗೆ ಪ್ರಮಾಣಪತ್ರ ಬಂದಿತು, ಹದಿಮೂರನೆಯವನಿಗೆ ಬರಲಿಲ್ಲ. ಹೆಸರಿಲ್ಲದ ಪ್ರಮಾಣಪತ್ರವನ್ನು ಯಾವ ಕಚೇರಿಯೂ ಅಚ್ಚು ಹಾಕುವುದಿಲ್ಲವಷ್ಟೆ.

ಸ್ಥಾನ ಎಲ್ಲರದು ಎಂಬ ನಿಯಮವನ್ನು ನಾನು ಈಗಲೂ ಒಪ್ಪುತ್ತೇನೆ. ಇಲ್ಲದಿದ್ದರೆ ತಂಡವೆಂಬುದೂ ಇಲ್ಲ, ಊರೆಂಬುದೂ ಇಲ್ಲ, ದೇಶವೆಂಬುದೂ ಇಲ್ಲ. ಆದರೆ ಎಲ್ಲರದು ಎಂದ ಮಾತ್ರಕ್ಕೆ ಗಳಿಸಿದವನ ಋಣ ತೀರಿತೆಂದು ತಿಳಿಯುವುದು ತಪ್ಪು. ಗುಶೂ ಹೋಗದಿದ್ದರೂ 2024ರ ಅವನ ಗಳಿಕೆ ದಾಖಲೆಯಲ್ಲಿ ಉಂಟು. ಹತ್ತು ವರ್ಷದ ಹುಡುಗನೂ ಅದನ್ನು ನೆನೆದು ಅವನ ಪರವಾಗಿ ಕೇಳುತ್ತಾನೆ. ನಮ್ಮ ಹಳ್ಳಿಯ ಶಾಲೆಗಳಲ್ಲಿ ಕಲ್ಲಿನ ಮುಂದೆ ಗುಡಿಸುತ್ತ ಓಡಿದವರ ಪಟ್ಟಿಯನ್ನು ಇಟ್ಟವರಾರು? ಆ ಪಟ್ಟಿಯನ್ನು ಬರೆಯಬೇಕಾದವರು ನಾವೇ, ಮೇಷ್ಟರುಗಳು. ಹೋಗುವವರ ಹೆಸರನ್ನು ಬರೆದ ಲೇಖನಿಯಿಂದಲೇ, ಕೆಳಗೆ ಇನ್ನೊಂದು ಸಾಲಿನಲ್ಲಿ, ಗೆದ್ದುಕೊಟ್ಟವರ ಹೆಸರನ್ನೂ ಬರೆಯಲು ಎಷ್ಟು ಹೊತ್ತು ಬೇಕು?

ಊರಿಗೆ ಮರಳಿದ ಮೇಲೆ ಅವನನ್ನು ಹುಡುಕಿಕೊಂಡು ಹೋದೆ. ಐವತ್ತು ದಾಟಿದ ರೈತ. ಗದ್ದೆಯಿಂದ ಆಗತಾನೆ ಬಂದು ಕಾಲು ತೊಳೆಯುತ್ತಿದ್ದ. ಜಗಲಿಯ ಮೇಲೆ ಕೂರಿಸಿ, ಹೆಂಡತಿಗೆ ಕಾಫಿಗೆ ಹೇಳಿದ. ನಾನು ಪಟ್ಟಿಯ ಮಾತೆತ್ತಿದೆ. ಅವನು ಹುಬ್ಬು ಗಂಟಿಕ್ಕಿ, “ಯಾವ ಲಿಸ್ಟು ಸಾ?” ಎಂದ. ಬಳಿಕ ಮುಖ ಅರಳಿತು. “ಆ ಉದ್ದನೆ ಹುಡುಗ ಇನ್ನೇನ್ ಗೆರೆ ಮುಟ್ತಿದ್ದ, ಕಾಲ್ ಹಿಡ್ಕೊಂಡೆನಲ್ಲಾ, ಗ್ಯಾಪ್ಕ ಅದಾ ಸಾ?” ಎಂದು ಹೇಳಿ, ಹಿಡಿದದ್ದು ಹೇಗೆಂದು ಎರಡೂ ಕೈಯಿಂದ ತೋರಿಸಿದ.

ಅವನು ನಿಜವಾಗಿ ಮರೆತಿದ್ದನೋ, ಮುದಿ ಮೇಷ್ಟರ ಮುಖ ನೋಡಿ ಮರೆತನೋ ನಾನರಿಯೆ. ಎರಡನೆಯದೇ ಆಗಿದ್ದರೆ ಅವನಿಂದ ನಾನು ಪಡೆದ ದಾನ ಇದು ಎರಡನೆಯದು. “ಗ್ಯಾಪಕ ಇದೆ ಕಣಪ್ಪ” ಎಂದೆ. ಕಾಫಿ ಬಂದಿತು, ಜೊತೆಗೆ ಒಂದು ತಟ್ಟೆಯಲ್ಲಿ ಹುರಿದ ಕಡಲೆಕಾಯಿ.