ಅನ್ನ ಕಡಿಮೆ ಮಾಡುವ ಸಸ್ಯಾಹಾರಿಗಳಿಗೆ ಒಂದು ಮಾತು

ಕೃಷಿ – ಆರೋಗ್ಯ

ನಮ್ಮ ಕಾಸರಗೋಡು ಕಡೆಯಲ್ಲಿ "ಊಟ ಆಯಿತಾ?" ಎಂದು ಕೇಳಿದರೆ "ಗಂಜಿ ಆಯಿತು" ಎಂದು ಉತ್ತರ ಕೊಡುವ ಹಿರಿಯರು ಇಂದಿಗೂ ಇದ್ದಾರೆ. ಬೆಳಿಗ್ಗೆ ದೋಸೆ, ಹತ್ತು ಗಂಟೆಗೆ ಗಂಜಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಸಂಜೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ. ದಿನವಿಡೀ ಗದ್ದೆಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಅದೆಲ್ಲ ಬೆವರಾಗಿ ಹರಿದು ಹೋಗುತ್ತಿತ್ತು. ಇಂದು ಉಳುಮೆಗೆ ಯಂತ್ರ ಬಂದಿದೆ, ನೀರು ಹಾಯಿಸಲು ಪಂಪು ಬಂದಿದೆ. ದುಡಿಮೆ ಇಳಿಯಿತು, ಆದರೆ ಬಟ್ಟಲು ಕಿರಿದಾಗಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅದು ಹೇಳಿತು. ವಯಸ್ಕರಲ್ಲಿ ಈ ಕಾಯಿಲೆಯ ಪ್ರಮಾಣ ಗೋವಾದಲ್ಲಿ ಶೇಕಡಾ 26.4, ನಮ್ಮ ಕೇರಳದಲ್ಲಿ ಶೇಕಡಾ 25.5. ಅಂದರೆ ನಾಲ್ವರಲ್ಲಿ ಒಬ್ಬರು. ಹಾಗಾಗಿ "ಅನ್ನ ಬಿಡಿ" ಎಂಬ ಸಲಹೆ ಈಗ ಮನೆಮನೆಯಲ್ಲೂ ಕೇಳಿಬರುತ್ತಿದೆ. ಮೀನು, ಮಾಂಸ, ಮೊಟ್ಟೆ ತಿನ್ನುವವರಿಗೆ ಇದು ಅಷ್ಟು ಕಷ್ಟವಲ್ಲ. ಆದರೆ ಅವನ್ನು ಮುಟ್ಟದವರು ಅನ್ನವನ್ನೂ ಬಿಟ್ಟರೆ ತಿನ್ನುವುದಾದರೂ ಏನನ್ನು?

ನಮ್ಮ ಮನೆಯ ಪಾಠ

ಈ ಪ್ರಶ್ನೆಗೆ ನಾವು ಉತ್ತರ ಹುಡುಕಿದ್ದು ಒಂದು ಭಯದ ದಿನದ ನಂತರ. ನಮ್ಮ ತಾಯಿಯವರು ಮೀನು ಮಾಂಸ ಬಿಟ್ಟು ಬಹಳ ವರ್ಷಗಳಾದವು. ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ಮಾತ್ರೆ ನುಂಗುತ್ತಿದ್ದರು. ಯಾರದೋ ಮಾತು ಕೇಳಿ ಒಂದು ಸೋಮವಾರ ಅನ್ನ, ದೋಸೆ, ಅವಲಕ್ಕಿ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿದರು. ಬೇಯಿಸಿದ ತೊಂಡೆಕಾಯಿ ಮತ್ತು ಮಜ್ಜಿಗೆ, ಇಷ್ಟೇ ಊಟ. ಮಾತ್ರೆ ಮಾತ್ರ ಮೊದಲಿನಷ್ಟೇ. ಹೀಗೆ ಮಾಡಬಹುದೇ ಎಂದು ವೈದ್ಯರನ್ನು ನಾವು ಯಾರೂ ಕೇಳಲಿಲ್ಲ.

ಮೂರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಬಸಳೆ ಚಪ್ಪರದ ಬುಡದಲ್ಲಿ ಕುಸಿದು ಕುಳಿತಿದ್ದರು. ಮೈಯೆಲ್ಲ ತಣ್ಣನೆಯ ಬೆವರು, ಕೈ ನಡುಕ, ಮಾತು ತೊದಲು. ಉಪಕರಣದಲ್ಲಿ ನೋಡಿದರೆ ರಕ್ತದ ಸಕ್ಕರೆ 52ಕ್ಕೆ ಇಳಿದಿತ್ತು. ಪುಣ್ಯಕ್ಕೆ ಎಚ್ಚರವಿತ್ತು. ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಸಿದೆವು. ಕಾಲು ಗಂಟೆಯಲ್ಲಿ ಚೇತರಿಸಿಕೊಂಡರು. ಅದೇ ದಿನ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಅವರು ಗದರಲಿಲ್ಲ. "ಅನ್ನ ಕಡಿಮೆ ಮಾಡಿದ್ದು ತಪ್ಪಲ್ಲ, ಮಾತ್ರೆ ಕಡಿಮೆ ಮಾಡದೇ ಇದ್ದದ್ದು ತಪ್ಪು" ಎಂದು ಹೇಳಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು.

ಯಾವುದರಲ್ಲಿ ಪಿಷ್ಟ ಎಷ್ಟು?

ನಾವು ತಿಂದ ಪಿಷ್ಟ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗಿ ರಕ್ತ ಸೇರುತ್ತದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದೆ. ದಿನಕ್ಕೆ 400 ಗ್ರಾಂ ಅಕ್ಕಿ ಉಣ್ಣುವವರು ಅದರಿಂದಲೇ 300 ಗ್ರಾಂ ದಾಟುತ್ತಾರೆ. ದಿನದ ಒಟ್ಟು ಪಿಷ್ಟ 130 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ಸಾಮಾನ್ಯವಾಗಿ ಕಡಿಮೆ ಪಿಷ್ಟದ ಆಹಾರ ಎನ್ನುತ್ತಾರೆ.

ಇಲ್ಲಿ ಹಲವರು ಎಡವುತ್ತಾರೆ. ಅನ್ನ ಬಿಟ್ಟು ಚಪಾತಿ ಹಿಡಿದರೆ ಕಾಯಿಲೆ ಇಳಿಯುತ್ತದೆಂಬ ನಂಬಿಕೆಯಿದೆ. ಗೋಧಿ ಹಿಟ್ಟಿನಲ್ಲೂ ರಾಗಿಯಲ್ಲೂ 100 ಗ್ರಾಂಗೆ 65ರಿಂದ 70 ಗ್ರಾಂ ಪಿಷ್ಟವಿದೆ. ರಾಗಿಯಲ್ಲಿ ಸುಣ್ಣದ ಅಂಶ, ನಾರು ಹೆಚ್ಚು ಎಂಬುದು ನಿಜ. ಆದರೆ ಮುದ್ದೆ ದೊಡ್ಡದಾದರೆ ಸಕ್ಕರೆ ಏರಿಯೇ ಏರುತ್ತದೆ. ಕುಚ್ಚಲಕ್ಕಿಯೂ ಅಕ್ಕಿಯೇ. ಮರಗೆಣಸು, ಕೆಸವಿನ ಗೆಡ್ಡೆ, ಹಲಸಿನ ಬೀಜ, ನೇಂದ್ರ ಬಾಳೆ, ಇವು ತರಕಾರಿಯಂತೆ ಕಂಡರೂ ಅನ್ನದ ಲೆಕ್ಕಕ್ಕೆ ಸೇರಬೇಕಾದವು. ಎಳೆ ಹಲಸಿನ ಪಲ್ಯ ಒಳ್ಳೆಯದು, ಹಣ್ಣಿನ ತೊಳೆಗಳನ್ನು ಎಣಿಸಿ ತಿನ್ನಬೇಕು.

ಸಸಾರಜನಕ ಮರೆಯಬಾರದು

ನಮ್ಮ ತಾಯಿಯವರ ಇನ್ನೊಂದು ತಪ್ಪೆಂದರೆ, ಅನ್ನ ತೆಗೆದ ಜಾಗದಲ್ಲಿ ಏನನ್ನೂ ಇಡದೇ ಇದ್ದದ್ದು. ಹಾಗೆ ಮಾಡಿದರೆ ಮಾಂಸಖಂಡ ಕರಗುತ್ತದೆ, ನಿಶ್ಶಕ್ತಿ ಬರುತ್ತದೆ, ಕೊನೆಗೆ ಹಸಿವು ತಾಳಲಾರದೆ ಮತ್ತೆ ಗಂಜಿಗೇ ಮರಳುತ್ತಾರೆ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಸಸಾರಜನಕ ಬೇಕು. ಸಸ್ಯಾಹಾರದಲ್ಲಿ ಅದು ಹೀಗೆ ಒದಗುತ್ತದೆ: 100 ಗ್ರಾಂ ಪನೀರಿನಿಂದ 18 ಗ್ರಾಂ, 50 ಗ್ರಾಂ ಹೆಸರುಕಾಳಿನಿಂದ 12, 25 ಗ್ರಾಂ ಒಣ ಸೋಯಾ ತುಂಡುಗಳಿಂದ 13, ಒಂದು ಹಿಡಿ ನೆಲಗಡಲೆಯಿಂದ 7, ಒಂದು ದೊಡ್ಡ ಬಟ್ಟಲು ಮೊಸರಿನಿಂದ 6. ಒಟ್ಟು 56 ಗ್ರಾಂ ಆಯಿತು. ಪನೀರಿಗಾಗಿ ಪೇಟೆಗೆ ಹೋಗಬೇಕೆಂದಿಲ್ಲ. ಹಟ್ಟಿಯ ಹಾಲನ್ನು ಕಾಯಿಸಿ, ಲಿಂಬೆಹುಳಿ ಹಿಂಡಿ, ಬಟ್ಟೆಯಲ್ಲಿ ಸೋಸಿ ಹಿಂಡಿದರೆ ಪನೀರೇ.

ಇವೆಲ್ಲದರ ಜೊತೆ ಹರಿವೆ, ಬಸಳೆ, ನುಗ್ಗೆಸೊಪ್ಪು, ಅಲಸಂಡೆ, ಪಡುವಲ, ಹಾಗಲ, ಬಾಳೆದಿಂಡು ಸೇರಿ 400 ಗ್ರಾಂ ತರಕಾರಿ, ಸ್ವಲ್ಪ ತೆಂಗಿನತುರಿ, ಮಧ್ಯಾಹ್ನಕ್ಕೆ ಒಂದೇ ಬಟ್ಟಲು ಅನ್ನ. ಲೆಕ್ಕ ಹಾಕಿದರೆ ಪಿಷ್ಟ ಸುಮಾರು 120 ಗ್ರಾಂನಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಅಕ್ಕಿ ದೋಸೆಯ ಬದಲು ಹೆಸರುಕಾಳು ನೆನೆಸಿ ರುಬ್ಬಿದ ದೋಸೆ ಮಾಡಬಹುದು. ದಿನವಿಡೀ ಮೈಮುರಿದು ದುಡಿಯುವವರಿಗೆ ಇಷ್ಟು ಸಾಲದು. ಅವರು ಕಾಳು, ಕಡಲೆ, ತೆಂಗಿನಕಾಯಿ ಹೆಚ್ಚಿಸಿಕೊಳ್ಳಲಿ, ಬೇಕಿದ್ದರೆ ಇನ್ನೊಂದು ಬಟ್ಟಲು ಅನ್ನವನ್ನೂ ಉಣ್ಣಲಿ. ಅಷ್ಟು ಕಟ್ಟುನಿಟ್ಟು ಎಲ್ಲರಿಗೂ ಬೇಕಾಗದು; ಮೂರರಲ್ಲಿ ಒಂದು ಹೊತ್ತಿನ ಅನ್ನ ಬಿಟ್ಟು ಕಾಳು ತಿಂದರೂ ಲಾಭವಿದೆ. ತೆಂಗಿನೆಣ್ಣೆಯನ್ನು ಮಾತ್ರ ಹಿತಮಿತವಾಗಿ ಬಳಸಬೇಕು.

ಗದ್ದೆಯಿಂದ ಬಟ್ಟಲಿಗೆ

ಈ ಆಹಾರ ದುಬಾರಿ ಎಂಬ ಮಾತಿದೆ. ಕೊಂಡು ತಿಂದರೆ ಹೌದು. ಆದರೆ ಭತ್ತದ ಕೊಯ್ಲಿನ ನಂತರ ಗದ್ದೆಯಲ್ಲಿ ಉಳಿದ ತೇವದಲ್ಲೇ ಉದ್ದು, ಹೆಸರು, ಹುರುಳಿ ಬಿತ್ತುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಹೆಸರು 60ರಿಂದ 70 ದಿನಗಳಲ್ಲಿ ಕೈಗೆ ಬರುತ್ತದೆ. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೂ ಕೊಡುತ್ತವೆ. ಮುಂದಿನ ಭತ್ತಕ್ಕೆ ಗೊಬ್ಬರ, ನಮಗೆ ಸಸಾರಜನಕ. ಬಾವಿಕಟ್ಟೆಯ ನೀರು ಹರಿಯುವಲ್ಲಿ ಬಸಳೆ, ಬೇಲಿಗೆ ಅಲಸಂಡೆ, ಅಂಗಳದ ಮೂಲೆಗೆ ನುಗ್ಗೆ, ಇಷ್ಟಿದ್ದರೆ ಅರ್ಧ ಔಷಧ ಮನೆಯಲ್ಲೇ ಬೆಳೆದಂತೆ.

ಎಚ್ಚರಿಕೆ

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಅನ್ನ ಇಳಿಸಬಾರದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುವವರಿಗೆ ಪಿಷ್ಟ ತೀರಾ ಇಳಿದರೆ ರಕ್ತ ಆಮ್ಲಮಯವಾಗುವ ಅಪಾಯವಿದೆ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಸಕ್ಕರೆ ಹೆಚ್ಚಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯುಳ್ಳವರು, ಬೆಳೆಯುವ ಮಕ್ಕಳು ಈ ಪ್ರಯೋಗಕ್ಕೆ ತಾವಾಗಿಯೇ ಇಳಿಯಬಾರದು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಸಕ್ಕರೆ ನೀರು ಕೊಟ್ಟು ಕಾಲು ಗಂಟೆಯ ಬಳಿಕ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ವಿಷಯ. ಬಿ-12 ಜೀವಸತ್ವ ಸಸ್ಯಗಳಲ್ಲಿ ಇಲ್ಲ, ಹಾಲು ಮೊಸರಿನಲ್ಲಿ ಸ್ವಲ್ಪ ಇದೆ. ಬಹುಕಾಲ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವ ಸಸ್ಯಾಹಾರಿಗಳಲ್ಲಿ ಅದು ಇನ್ನಷ್ಟು ಕಡಿಮೆಯಾಗಬಹುದು. ಪಾದ ಜುಮ್ಮೆನ್ನುವುದು ಸಕ್ಕರೆಯಿಂದಲೇ ಎಂದು ಸುಮ್ಮನಿರದೆ ರಕ್ತ ಪರೀಕ್ಷೆ ಮಾಡಿಸುವುದು ಲೇಸು.

ಕಡಿಮೆ ಪಿಷ್ಟದ ಆಹಾರದ ಲಾಭ ಮೊದಲ ಆರು ತಿಂಗಳಲ್ಲಿ ಎದ್ದು ಕಾಣುತ್ತದೆ, ವರ್ಷ ಕಳೆಯುವಾಗ ಕುಗ್ಗುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಬಹುಪಾಲು ಜನ ಹಳೆಯ ಬಟ್ಟಲಿಗೆ ಮರಳುವುದು ಇದಕ್ಕೊಂದು ಕಾರಣ. ಆದ್ದರಿಂದ ಎಂಟು ದಿನ ಉಪವಾಸದಂತೆ ಮಾಡಿ ಬಿಡುವುದಕ್ಕಿಂತ, ವರ್ಷಗಟ್ಟಲೆ ನಡೆಸಬಹುದಾದಷ್ಟೇ ಬದಲಾವಣೆ ಮಾಡಿಕೊಳ್ಳುವುದು ಜಾಣತನ.

ನಮ್ಮ ತಾಯಿಯವರು ಈಗ ಮಧ್ಯಾಹ್ನ ಒಂದು ಬಟ್ಟಲು ಅನ್ನ ಉಣ್ಣುತ್ತಾರೆ, ರಾತ್ರಿ ಹೆಸರುಕಾಳಿನ ಗಸಿ ಮತ್ತು ಪಲ್ಯ. ಮೂರು ತಿಂಗಳ ಸರಾಸರಿ ಸಕ್ಕರೆ ಇಳಿದಿದೆ. ಹಬ್ಬದ ದಿನ ಮಾತ್ರ ಎರಡನೆಯ ಬಟ್ಟಲಿಗೆ ಕೈ ಚಾಚುತ್ತಾರೆ. ನಾವು ಕಂಡೂ ಕಾಣದಂತೆ ಇರುತ್ತೇವೆ.